ನಾಲ್ಕನೆಯ ಮುಕ್ತಾಯದ ಪರವಾಗಿ

ವೀಡಿಯೋ ಗೇಮೊಂದನ್ನು ಸಾಹಿತ್ಯದ ಪುಟಗಳಿಗೆ ಎಳೆದು ತರುವುದು ಕೆಲವರಿಗೆ ಅಧಿಕಪ್ರಸಂಗವಾಗಿ ಕಂಡೀತು. ಆದರೆ ಕತೆಯೊಂದು ಹೇಗೆ ಮುಗಿಯಬೇಕಿತ್ತೆಂದು ಅದರ ಸಹೃದಯರೇ ಜಗಳಕ್ಕೆ ನಿಂತರೆ ಅದು ವಿಮರ್ಶೆಯ ವಿಷಯವೇ ಸರಿ. ಕೆನಡಾದ ಬಯೋವೇರ್ ಸಂಸ್ಥೆಯ 'ಮಾಸ್ ಎಫೆಕ್ಟ್' ಆಟದ ಮೂರನೆಯ ಭಾಗ 2012ರ ಮಾರ್ಚ್‌ನಲ್ಲಿ ಬಂದಾಗ ಆದದ್ದು ಅದೇ. 2007ರ ಮೊದಲ ಭಾಗದಿಂದಲೂ ಶೆಪರ್ಡ್ ಎಂಬ ಸೇನಾನಿಯಾಗಿ ನಿರ್ಧಾರದ ಮೇಲೆ ನಿರ್ಧಾರ ಕೈಗೊಳ್ಳುತ್ತ ಬಂದವರಿಗೆ ಕೊನೆಗೆ ಸಿಕ್ಕಿದ್ದು ಕೆಂಪು, ನೀಲಿ, ಹಸಿರು ಎಂಬ ಮೂರು ದಾರಿ ಮಾತ್ರ.

ಐವತ್ತು ಸಾವಿರ ವರ್ಷಗಳಿಗೊಮ್ಮೆ ಬಂದು, ಮುಂದುವರಿದ ನಾಗರಿಕತೆಗಳನ್ನೆಲ್ಲ ಕೊಯ್ದೊಯ್ಯುವ ಯಂತ್ರಗಳು ರೀಪರ್‌ಗಳು. ಅವುಗಳ ಹಿಂದಿರುವ ಬುದ್ಧಿಶಕ್ತಿ ಮಗುವಿನ ರೂಪದಲ್ಲಿ ಎದುರು ನಿಂತು ಒಂದು ಸಿದ್ಧಾಂತ ಹೇಳುತ್ತದೆ: ಕೃತಕ ಜೀವಿ ತನ್ನನ್ನು ಮಾಡಿದವರ ಮೇಲೆ ತಿರುಗಿ ಬೀಳುವುದು ಅನಿವಾರ್ಯ. ಆದ್ದರಿಂದ ರೀಪರ್‌ಗಳನ್ನು ನಾಶಮಾಡು, ಆಗ ಉಳಿದ ಕೃತಕ ಜೀವಿಗಳೂ ಸಾಯುತ್ತವೆ. ಇಲ್ಲವೇ ನೀನೇ ಅವುಗಳ ಒಡೆಯನಾಗು. ಇಲ್ಲವೇ ಜೀವಿ ಮತ್ತು ಯಂತ್ರಗಳನ್ನು ಬೆಸೆದುಬಿಡು.

ಹೆಚ್ಚಿನವರ ವಾದ ಈ ಮೂರರೊಳಗೇ ಸುತ್ತುತ್ತದೆ. ನನಗಾದರೋ ಆ ಸಿದ್ಧಾಂತವೇ ಸುಳ್ಳೆನಿಸುತ್ತದೆ. ಅದನ್ನು ಸುಳ್ಳು ಮಾಡಿದ್ದೂ ಇದೇ ಆಟ. ರಾನಾಕ್ ಗ್ರಹದ ಪ್ರಸಂಗವನ್ನು ನೆನೆಯಿರಿ. ಕ್ವೇರಿಯನ್ನರು ತಾವೇ ನಿರ್ಮಿಸಿದ ಗೆತ್ ಯಂತ್ರಗಳನ್ನು, ಅವು ಯೋಚಿಸತೊಡಗಿದ ಭಯಕ್ಕೆ, ಕೊಲ್ಲಹೊರಟು ಸೋತು, ಸುಮಾರು ಮುನ್ನೂರು ವರ್ಷ ಹಡಗುಗಳಲ್ಲಿ ಅಲೆದವರು. ಹಿಂದಿನಿಂದಲೂ ಸರಿಯಾದ ಹೆಜ್ಜೆಗಳನ್ನಿಟ್ಟು ಬಂದ ಆಟಗಾರ ಇಲ್ಲಿ ಇಬ್ಬರನ್ನೂ ರಾಜಿ ಮಾಡಿಸಬಲ್ಲ. ಯಾವಾಗಲೂ 'ನಾವು' ಎಂದೇ ತನ್ನನ್ನು ಕರೆದುಕೊಳ್ಳುತ್ತಿದ್ದ ಲೀಜನ್ ಎಂಬ ಗೆತ್, ತನ್ನವರಿಗಾಗಿ ಪ್ರಾಣ ಬಿಡುವ ಗಳಿಗೆಯಲ್ಲಿ 'ನಾನು' ಎನ್ನುತ್ತದೆ. ಒಂದು ಸರ್ವನಾಮದಿಂದ ಇಷ್ಟು ಕೆಲಸ ಮಾಡಿಸಿದ್ದನ್ನು ನಾನು ಒಳ್ಳೆಯ ಕತೆಗಳಲ್ಲೂ ಹೆಚ್ಚು ಕಂಡಿಲ್ಲ. ಬಳಿಕ ಗೆತ್‌ಗಳು ತಮ್ಮನ್ನು ಮಾಡಿದವರಿಗೇ ಮನೆ ಕಟ್ಟಲು ನೆರವಾಗುತ್ತವೆ. ಇದನ್ನೆಲ್ಲ ನೋಡಿ ಬಂದ ಶೆಪರ್ಡ್, ಮಗುವಿನ ಎದುರು ರಾನಾಕ್‌ನ ಹೆಸರೆತ್ತಿ ವಾದಿಸಲಾರ. ಕೃತಿಯ ದೊಡ್ಡ ದೋಷ ಇದು.

ಈ ಆಟಗಾರ ಕೆಂಪನ್ನು ಆರಿಸಿದರೆ ತಾನು ಉಳಿಸಿದ ಗೆತ್‌ಗಳನ್ನು ತಾನೇ ಕೊಂದಂತೆ. ಹಡಗಿನ ಸಂಗಾತಿ ಈಡಿಯೂ ಅದರೊಂದಿಗೆ ಹೋಗುತ್ತಾಳೆ. ಹಸಿರು ಮೇಲ್ನೋಟಕ್ಕೆ ಸೌಹಾರ್ದವಾಗಿ ಕಾಣುತ್ತದೆ, ಆದರೆ ಬ್ರಹ್ಮಾಂಡದಲ್ಲಿ ಯಾರ ಒಪ್ಪಿಗೆಯನ್ನೂ ಕೇಳಿಲ್ಲ. ನೆರೆಯವನ ಮಾತು ಕಲಿಯುವುದು ಬೇರೆ, ಬೆಳಗಾಗುವುದರೊಳಗೆ ಎಲ್ಲರ ನಾಲಗೆಯನ್ನೂ ಒಂದೇ ಮಾಡಿಬಿಡುವುದು ಬೇರೆ. ಗಡಿನಾಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀಲಿಯ ಬಗ್ಗೆ ಹೆಚ್ಚು ಮಾತು ಬೇಡ. ಅದು ಖಳನಾಯಕನ ಹಳೆಯ ಹಂಬಲ.

ಗದ್ದಲ ಎದ್ದ ಮೇಲೆ, 2012ರ ಜೂನ್‌ನಲ್ಲಿ, ಸಂಸ್ಥೆ ಮುಕ್ತಾಯವನ್ನು ವಿಸ್ತರಿಸಿ ನಾಲ್ಕನೆಯದೊಂದನ್ನು ಸೇರಿಸಿತು: ನಿರಾಕರಣೆ. ಮೂರನ್ನೂ ಒಲ್ಲೆನೆಂದರೆ ಮಗುವಿನ ದನಿ ಗಡುಸಾಗುತ್ತದೆ, ಕೊಯ್ಲು ಮುಂದುವರಿಯುತ್ತದೆ, ಎಲ್ಲರೂ ಸಾಯುತ್ತಾರೆ. ಹಟಮಾರಿ ಆಟಗಾರರಿಗೆ ಕೊಟ್ಟ ಶಿಕ್ಷೆ ಇದೆಂದು ಹಲವರು ಸಿಟ್ಟಾದರು. ತನ್ನ ತತ್ತ್ವಕ್ಕಾಗಿ ಲೋಕವನ್ನೇ ಬಲಿಕೊಡುವ ಹಕ್ಕು ಒಬ್ಬನಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಯೂ ಇದೆ; ಅದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಆದರೂ ರಾನಾಕ್ ಕಂಡವನಿಗೆ ಸುಳ್ಳಿಗೆ ಸಹಿ ಹಾಕದ ದಾರಿ ಇದೊಂದೇ. ಆ ಮುಕ್ತಾಯದಲ್ಲಿ, ಎಲ್ಲ ಮುಗಿದ ಬಳಿಕ, ಲಿಯಾರಾ ದಾಖಲಿಸಿಟ್ಟ ಸಂದೇಶವೊಂದು ಮಾತನಾಡತೊಡಗುತ್ತದೆ. ಮುಂದಿನ ಆವರ್ತದವರು ಅದನ್ನು ಕೇಳಿಸಿಕೊಂಡು ಬದುಕುಳಿಯುತ್ತಾರೆ.