ಮಡಚುವ ಸೂರು, ಮಡಚಲಾಗದ ಲೆಕ್ಕ

ಪಿಕಪ್ ಟ್ರಕ್ಕಿನ ಹಿಂಭಾಗದ ತೆರೆದ ತೊಟ್ಟಿಯಲ್ಲಿ ಒಂದು ಪುಟ್ಟ ಕೋಣೆಯನ್ನು ಕೂರಿಸಿಕೊಂಡು, ವಾರದ ಕೊನೆಯ ಎರಡು ದಿನ ಡಾಂಬರು ಕಾಣದ ದಾರಿಗಳಲ್ಲಿ ಅಲೆದು ಬರುವುದು ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಬಹಳ ಜನರ ಹವ್ಯಾಸ. ಈ ಕೋಣೆಗಳಲ್ಲಿ ‘ಪಾಪ್-ಅಪ್ ಕ್ಯಾಂಪರ್’ ಎಂಬುದೊಂದು ಬಗೆ. ವಾಹನ ಓಡುವಾಗ ಇದರ ಸೂರು ತಗ್ಗಿರುತ್ತದೆ. ತಂಗುವ ಜಾಗದಲ್ಲಿ ಸೂರನ್ನು ಅರ್ಧ ಮೀಟರಿಗಿಂತ ತುಸು ಹೆಚ್ಚು ಮೇಲೆತ್ತಿದರೆ ಒಳಗೆ ನೆಟ್ಟಗೆ ನಿಲ್ಲಬಹುದು. ಗೋಡೆಗೂ ಎತ್ತಿದ ಸೂರಿಗೂ ನಡುವಿನ ತೆರಪನ್ನು ದಪ್ಪ ಬಟ್ಟೆ ಮುಚ್ಚುತ್ತದೆ. ಒಳಗೆ ಹಾಸಿಗೆ, ಒಲೆ, ನೀರಿನ ತೊಟ್ಟಿ, ಕೆಲವದರಲ್ಲಿ ಶೀತಕ ಪೆಟ್ಟಿಗೆಯೂ ಉಂಟು.

ಅಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೊಂದನ್ನು ಕೊಳ್ಳುವ ಯೋಚನೆಯಲ್ಲಿ, ನಾಲ್ಕೈದು ತಯಾರಕರ ಪರಿಚಯ ಪುಸ್ತಿಕೆಗಳನ್ನು ಕಳಿಸಿ ‘ಸಾರ್, ಯಾವುದು ವಾಸಿ?’ ಎಂದು ಕೇಳಿದ. ಗಂಡ, ಹೆಂಡತಿ, ಆರು ವರ್ಷದ ಮಗು ಪ್ರಯಾಣ ಮಾಡುವ ವಾಹನ ಅದು. ಹಾಗಾಗಿ ಪುಸ್ತಿಕೆಗಳನ್ನು ಪರೀಕ್ಷೆಯ ಉತ್ತರಪತ್ರಿಕೆ ನೋಡುವಂತೆಯೇ ನೋಡಿದೆ. ಚಿತ್ರಗಳಿಗೆ ಪೂರ್ಣ ಅಂಕ ಕೊಡಬಹುದು. ಲೆಕ್ಕಕ್ಕೆ ಮಾತ್ರ ಕೊಡಲಾಗದು. ಏಕೆಂದು ಮುಂದೆ ಓದಿ.

ಮೊದಲು ‘ಹಗುರ’ ಎಂಬ ಪದವನ್ನು ತೆಗೆದುಕೊಳ್ಳಿ. ಎಲ್ಲ ಪುಸ್ತಿಕೆಗಳಲ್ಲೂ ದೊಡ್ಡಕ್ಷರದಲ್ಲಿ ಕಾಣುವುದು ‘ಒಣ ತೂಕ’. ನೀರು, ಅನಿಲ, ಸಾಮಾನು ಏನೂ ಇಲ್ಲದಾಗಿನ ತೂಕ ಇದು. ಅನೇಕ ವೇಳೆ ಬ್ಯಾಟರಿ, ಶೀತಕ ಪೆಟ್ಟಿಗೆ, ಸೌರಫಲಕಗಳು ‘ಐಚ್ಛಿಕ’ವೆಂಬ ಕಾರಣಕ್ಕೆ ಇದರಿಂದ ಹೊರಗುಳಿದಿರುತ್ತವೆ. ಆದರೆ ಅವಿಲ್ಲದ ಕ್ಯಾಂಪರನ್ನು ಯಾರೂ ಕೊಳ್ಳುವುದಿಲ್ಲ. ಟ್ರಕ್ಕು ಹೊರಬಲ್ಲದ್ದೆಷ್ಟು ಎಂಬುದು ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಸವಾರರು ಮತ್ತು ಸರಕು ಸೇರಿ ಒಟ್ಟು ತೂಕ ಇಷ್ಟನ್ನು ಮೀರಕೂಡದು ಎಂದು ಅದು ಹೇಳುತ್ತದೆ. ಸವಾರರೂ ಸೇರಿ ಎಂಬುದನ್ನು ಗಮನಿಸಿ. ಚಾಲಕನೂ ಅದರಲ್ಲಿ ಬಂದ.

ಒಂದು ಮಧ್ಯಮ ಗಾತ್ರದ ಟ್ರಕ್ಕಿನ ಚೀಟಿಯಲ್ಲಿ 1,150 ಪೌಂಡು, ಅಂದರೆ 522 ಕಿಗ್ರಾಂ ಎಂದಿದೆ ಎನ್ನಿ. ಕ್ಯಾಂಪರಿನ ಒಣ ತೂಕ 400 ಕಿಗ್ರಾಂ. ಪುಸ್ತಿಕೆಯ ಪ್ರಕಾರ ಇನ್ನೂ 122 ಕಿಗ್ರಾಂ ಮಿಕ್ಕಿತು! ಈಗ ತುಂಬುತ್ತ ಬನ್ನಿ. 75 ಲೀಟರ್ ನೀರು ಎಂದರೆ 75 ಕಿಗ್ರಾಂ. (ಗ್ಯಾಲನ್ನುಗಳಲ್ಲಿ ಅಳೆಯುವ ಜನಕ್ಕೆ ಇದು ಕಣ್ಣಿಗೆ ಹೊಡೆಯುವುದಿಲ್ಲ. ಮೆಟ್ರಿಕ್ ಪದ್ಧತಿಯ ಒಂದು ಉಪಕಾರವಿದು.) ಅನಿಲ ತುಂಬಿದ ಸಿಲಿಂಡರು 17, ಬ್ಯಾಟರಿ 30, ಶೀತಕ ಪೆಟ್ಟಿಗೆ 25, ಗಂಡ ಹೆಂಡತಿ 140, ಮಗು ಮತ್ತು ಅದರ ಆಸನ 30, ಊಟ, ಹಾಸಿಗೆ, ಬಟ್ಟೆ, ಉಪಕರಣಗಳು 80. ಒಟ್ಟು 797 ಕಿಗ್ರಾಂ. ಮಿತಿಗಿಂತ 275 ಹೆಚ್ಚು.

ಮಾರಾಟಗಾರರು ಇದಕ್ಕೊಂದು ಮದ್ದು ಹೇಳುತ್ತಾರೆ: ಹಿಂದಿನ ಸ್ಪ್ರಿಂಗುಗಳಿಗೆ ನೆರವಾಗಿ ಗಾಳಿಚೀಲಗಳನ್ನು ಜೋಡಿಸಿ. ಇದರಿಂದ ಟ್ರಕ್ಕಿನ ಕುಸಿದ ಹಿಂಭಾಗ ಮೇಲೇಳುತ್ತದೆ, ನಿಜ. ಆದರೆ ಬ್ರೇಕು, ಟೈರು, ಅಚ್ಚು, ಚೌಕಟ್ಟು ಯಾವುದರ ಶಕ್ತಿಯೂ ಹೆಚ್ಚುವುದಿಲ್ಲ. ಯೂಟಾದ ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಶೇಫರ್ ಹಾದಿ ತಿರುವುಗಳಲ್ಲಿ ಸುಮಾರು 450 ಮೀಟರ್ ಕೆಳಗಿಳಿಯುತ್ತದೆ. ಮಿತಿ ಮೀರಿದ ಆ 275 ಕಿಗ್ರಾಂ ಒಂದೇ, ಈ ಇಳಿಜಾರಿನಲ್ಲಿ ಕಳೆದುಕೊಳ್ಳಬೇಕಾದ ಸ್ಥಾನಶಕ್ತಿ 12 ಲಕ್ಷ ಜೂಲ್. ಎಂಜಿನ್ನಿನ ಕೆಳ ಗೇರು ತಡೆಹಿಡಿದಷ್ಟು ಬಿಟ್ಟು ಉಳಿದದ್ದೆಲ್ಲ ಬ್ರೇಕಿನಲ್ಲಿ ಉಷ್ಣವಾಗಬೇಕು. ಗಾಳಿಚೀಲ ಇದರಲ್ಲಿ ಒಂದು ಜೂಲನ್ನೂ ಹೊರುವುದಿಲ್ಲ.

ಭಾರ ಎಷ್ಟು ಎಂಬುದಾಯಿತು, ಎಲ್ಲಿ ಎಂಬುದು ಇನ್ನೊಂದು ಪ್ರಶ್ನೆ. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗಾಡಿ ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಟ್ರಕ್ಕಿಗೂ ಅದೇ ನ್ಯಾಯ. ತೊಟ್ಟಿ ಗಿಡ್ಡವಾಗಿದ್ದು ಕ್ಯಾಂಪರಿನ ಗುರುತ್ವ ಕೇಂದ್ರ ಹಿಂದಿನ ಅಚ್ಚಿಗಿಂತ 30 ಸೆಂ.ಮೀ. ಹಿಂದೆ ಬಿದ್ದರೆ, ಮತ್ತು ಎರಡು ಅಚ್ಚುಗಳ ಅಂತರ 3.2 ಮೀ. ಇದ್ದರೆ, 500 ಕಿಗ್ರಾಂ ಕ್ಯಾಂಪರು ಮುಂದಿನ ಚಕ್ರಗಳಿಂದ 47 ಕಿಗ್ರಾಂ ಭಾರವನ್ನು ಎತ್ತಿಬಿಡುತ್ತದೆ. ಹಿಂದಿನ ಅಚ್ಚಿನ ಮೇಲೆ ಬೀಳುವುದು 500 ಅಲ್ಲ, 547. ದಾರಿ ತೋರಿಸಬೇಕಾದ ಚಕ್ರಗಳೇ ಹಗುರವಾಗುತ್ತವೆ. ಸರಕಿನ ಗುರುತ್ವ ಕೇಂದ್ರ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂದು ಟ್ರಕ್ಕಿನ ತಯಾರಕರು ತಿಳಿಸಬೇಕೆಂಬ ನಿಯಮ ಅಮೆರಿಕದಲ್ಲಿದೆ. ನನ್ನ ಮುಂದಿದ್ದ ಕ್ಯಾಂಪರ್ ಪುಸ್ತಿಕೆಗಳಲ್ಲಿ ಒಂದರಲ್ಲಿ ಮಾತ್ರ ಗುರುತ್ವ ಕೇಂದ್ರದ ಜಾಗ ಕಾಣಿಸಿತ್ತು. ಪರದೆಯ ಬಣ್ಣಗಳು ಎಲ್ಲವುಗಳಲ್ಲೂ ಇದ್ದವು.

ಇನ್ನು ಎತ್ತರ. ಇಲ್ಲಿ ಪಾಪ್-ಅಪ್ ಕ್ಯಾಂಪರಿನ ಪರವಾಗಿ ನಾನು ಸಾಕ್ಷಿ ಹೇಳಬೇಕು. ಅದರ ನಿಜವಾದ ಗುಣವಿರುವುದು ಇಲ್ಲೇ. ಪುಸ್ತಿಕೆಗಳು ಅದನ್ನೇ ಸರಿಯಾಗಿ ವಿವರಿಸಿಲ್ಲ. ಎಡಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆ ವಾಹನದ ನಿಶ್ಚಲ ಸ್ಥಿರತಾಂಕ. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷಾ ಆಡಳಿತ 2001ರ ಮಾದರಿಗಳಿಂದ ಮೊದಲ್ಗೊಂಡು ವಾಹನ ಮಗುಚುವ ಅಪಾಯವನ್ನು ಅಂದಾಜು ಮಾಡಲು ಇದನ್ನು ಬಳಸುತ್ತ ಬಂದಿದೆ. ಕಾರುಗಳಿಗೆ ಇದು ಸಾಮಾನ್ಯವಾಗಿ 1.3ರಿಂದ 1.5, ಪಿಕಪ್ಪುಗಳಿಗೆ 1ರಿಂದ 1.3.

ದೊಡ್ಡ ಟ್ರಕ್ಕೊಂದರ ಲೆಕ್ಕ ಮಾಡೋಣ. ರಾಶಿ 2,800 ಕಿಗ್ರಾಂ, ಗುರುತ್ವ ಕೇಂದ್ರ ನೆಲದಿಂದ 0.75 ಮೀ., ಚಕ್ರಗಳ ಅಂತರ 1.72 ಮೀ. ಸ್ಥಿರತಾಂಕ 1.15. ಇದರ ಮೇಲೆ 1,300 ಕಿಗ್ರಾಂನ, ಗುರುತ್ವ ಕೇಂದ್ರ 1.85 ಮೀ. ಎತ್ತರದಲ್ಲಿರುವ ಗಟ್ಟಿಗೋಡೆಯ ಕ್ಯಾಂಪರನ್ನು ಇಡಿ. ಸಂಯುಕ್ತ ಗುರುತ್ವ ಕೇಂದ್ರ 1.10 ಮೀಟರಿಗೆ ಏರಿ ಸ್ಥಿರತಾಂಕ 0.78ಕ್ಕೆ ಇಳಿಯುತ್ತದೆ. ಅದರ ಬದಲು 500 ಕಿಗ್ರಾಂನ, 1.45 ಮೀ. ಎತ್ತರದ ಪಾಪ್-ಅಪ್ ಇಟ್ಟರೆ 1.00. ಒಣ ಡಾಂಬರಿನ ಮೇಲೆ ಟೈರಿನ ಘರ್ಷಣಾಂಕ ಸುಮಾರು 0.8 ಎಂಬುದನ್ನು ನೆನಪಿಗೆ ತಂದುಕೊಂಡರೆ ಈ ಎರಡು ಸಂಖ್ಯೆಗಳ ಅರ್ಥ ತಿಳಿಯುತ್ತದೆ. ಥಟ್ಟನೆ ತಿರುಗಿಸಿದಾಗ ಎರಡನೆಯದು ಮೊದಲು ಜಾರುತ್ತದೆ. ಮೊದಲನೆಯದು ಜಾರುವ ಮುನ್ನವೇ ಮಗುಚಬಹುದು. ಓರೆ ನೆಲದ ಮೇಲೆ ಮಗುಚುವ ಕೋನ 45 ಡಿಗ್ರಿ ಮತ್ತು 38 ಡಿಗ್ರಿ. ಇವು ಕಾಗದದ ಮೇಲಿನ ಕೋನಗಳು. ತಗ್ಗಿನ ಬದಿಯ ಸ್ಪ್ರಿಂಗು, ಟೈರುಗಳು ಅದುಮಿಕೊಂಡು ಗುರುತ್ವ ಕೇಂದ್ರ ಹೊರಕ್ಕೆ ವಾಲುವುದರಿಂದ ನಿಜವಾದ ಮಿತಿ ಇನ್ನೂ ಬಹಳ ಕೆಳಗಿದೆ. ನೀರಿನ ತೊಟ್ಟಿ ಅರ್ಧ ತುಂಬಿದ್ದರೆ ಅದೂ ತಗ್ಗಿನ ಕಡೆಗೇ ಹರಿಯುತ್ತದೆ.

ಇಷ್ಟು ಕಷ್ಟಪಟ್ಟು ತಗ್ಗಿಸಿದ ಸೂರಿನ ಮೇಲೆ ದೋಣಿ, ಸೈಕಲ್ಲು, ಸೌದೆ ಹೇರಿಕೊಂಡು ನಿಂತ ವಾಹನದ ಚಿತ್ರ ಪುಸ್ತಿಕೆಯೊಂದರ ಮುಖಪುಟದಲ್ಲಿದೆ. 2.1 ಮೀ. ಎತ್ತರದಲ್ಲಿ 60 ಕಿಗ್ರಾಂ ಹೇರಿದರೆ ಸ್ಥಿರತಾಂಕ ಎಷ್ಟಾಗುತ್ತದೆಂದು ವಿದ್ಯಾರ್ಥಿಗಳಿಂದ ಲೆಕ್ಕ ಮಾಡಿಸಿ.

‘ತುಕ್ಕು ಹಿಡಿಯದ ಅಲ್ಯೂಮಿನಿಯಂ ಚೌಕಟ್ಟು, ಜೀವಮಾನಪೂರ್ತಿ ಬಾಳಿಕೆ’ ಎಂಬುದು ಇನ್ನೊಂದು ಮಾತು. ಮಣ್ಣುದಾರಿಗಳಲ್ಲಿ ಅಡ್ಡಡ್ಡಲಾಗಿ ಏಳುವ ಅಲೆಗಳನ್ನು ನೀವು ನೋಡಿಯೇ ಇರುತ್ತೀರಿ. ಅವೇಕೆ ಉಂಟಾಗುತ್ತವೆಂದು ಕೀತ್ ಮೇದರ್ 1963ರಲ್ಲಿ ಬರೆದಿದ್ದರು. 2007ರಲ್ಲಿ ಟ್ಯಾಬರ್ಲೆ, ಮಾರಿಸ್, ಮೆಕೆಲ್ವೇನ್ ಎಂಬ ಮೂವರು ಮರಳಿನ ಸುತ್ತುಪಥದ ಮೇಲೆ ಚಕ್ರ ಉರುಳಿಸಿ, ಒಂದು ನಿರ್ದಿಷ್ಟ ವೇಗವನ್ನು ದಾಟಿದ ಮೇಲೆ ಈ ಅಲೆಗಳು ತಾವಾಗಿ ಏಳುತ್ತವೆ, ಅದಕ್ಕೆ ಸ್ಪ್ರಿಂಗೂ ಬೇಕಿಲ್ಲ ಎಂದು ತೋರಿಸಿದರು. ಅಲೆಗಳ ನಡುವಿನ ಅಂತರ 75 ಸೆಂ.ಮೀ., ವೇಗ ಸೆಕೆಂಡಿಗೆ 10 ಮೀ. ಇದ್ದರೆ ಸೆಕೆಂಡಿಗೆ 13 ಸಲ, ಗಂಟೆಗೆ 48,000 ಸಲ ಪೆಟ್ಟು ಬೀಳುತ್ತದೆ. ಚಕ್ರ ಮತ್ತು ಅಚ್ಚಿನ ಸಹಜ ಆವೃತ್ತಿಯೂ ಇದರ ಆಸುಪಾಸಿನಲ್ಲೇ ಇರುವುದರಿಂದ ಕಂಪನ ಇನ್ನಷ್ಟು ಹೆಚ್ಚುತ್ತದೆ. ಉಕ್ಕಿನಲ್ಲಿ ಒಂದು ಮಿತಿಗಿಂತ ಕೆಳಗಿನ ಬಲವನ್ನು ಎಷ್ಟು ಸಲ ಹಾಕಿ ತೆಗೆದರೂ ಲೋಹ ದಣಿಯುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಸಣ್ಣ ಬಲವೂ ಸಾಕಷ್ಟು ಸಲ ಮರುಕಳಿಸಿದರೆ ಬಿರುಕು ಬಿಡುತ್ತದೆ. ಅದೂ ಬೆಸುಗೆಯ ಮಗ್ಗುಲಲ್ಲಿ ಮೊದಲು. ಆದ್ದರಿಂದ ಚೌಕಟ್ಟು ತುಕ್ಕು ಹಿಡಿಯುತ್ತದೆಯೇ ಎಂದು ಕೇಳುವ ಬದಲು ಮೂಲೆಗಳನ್ನು ಹೇಗೆ ಬಲಪಡಿಸಿದ್ದೀರಿ, ಅವನ್ನು ನೋಡಿ ಪರೀಕ್ಷಿಸಲು ಜಾಗ ಬಿಟ್ಟಿದ್ದೀರಾ ಎಂದು ಕೇಳಬೇಕು.

‘ನಾಲ್ಕೂ ಋತುಗಳಿಗೆ’ ಎಂಬ ಮಾತಂತೂ ನನಗೆ ಒಪ್ಪಿಗೆಯಿಲ್ಲ. ಒಂದೇ ಪದರದ ಬಟ್ಟೆಯ ಉಷ್ಣನಿರೋಧ ಅದರ ಎರಡು ಬದಿಗೆ ಅಂಟಿಕೊಂಡ ತೆಳು ಗಾಳಿಪದರಗಳದ್ದೇ ಹೊರತು ಬಟ್ಟೆಯದಲ್ಲ. ಚದರ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 6 ವಾಟ್ ಸೋರುತ್ತದೆ. ಬಟ್ಟೆಯ ವಿಸ್ತೀರ್ಣ 6.3 ಚದರ ಮೀಟರ್, ಹೊರಗೆ ಸೊನ್ನೆಗಿಂತ 5 ಡಿಗ್ರಿ ಕೆಳಗೆ, ಒಳಗೆ 15 ಡಿಗ್ರಿ ಇರಬೇಕೆಂದರೆ ಬಟ್ಟೆಯೊಂದರಿಂದಲೇ 750 ವಾಟ್ ನಷ್ಟ. ಮಲಗಿರುವ ಇಬ್ಬರು ವಯಸ್ಕರಿಂದ ಬರುವ ಉಷ್ಣ 150 ವಾಟ್. ಉಳಿದದ್ದಕ್ಕೆ ಒಲೆ ಉರಿಸುತ್ತೇನೆಂದು ಯಾರೂ ಹೊರಡಬಾರದು. ಒಂದು ಅಣು ಪ್ರೋಪೇನ್ ಉರಿದರೆ ನಾಲ್ಕು ಅಣು ನೀರು ಹುಟ್ಟುತ್ತದೆ. 44 ಗ್ರಾಂ ಅನಿಲಕ್ಕೆ 72 ಗ್ರಾಂ ನೀರು. ಅದು ತಣ್ಣನೆಯ ಅಲ್ಯೂಮಿನಿಯಂ ಕಂಬಿಗಳ ಮೇಲೆ ಹನಿಗಟ್ಟಿ ಹಾಸಿಗೆಯನ್ನು ನೆನೆಸುತ್ತದೆ. ಅದಕ್ಕಿಂತ ಭೀಕರವಾದದ್ದು, ಮುಚ್ಚಿದ ಜಾಗದಲ್ಲಿ ಆಮ್ಲಜನಕ ಸಾಲದೆ ಹುಟ್ಟುವ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್. ದಹನಾನಿಲಗಳನ್ನು ಹೊರಗೇ ಬಿಡುವ ಹೀಟರು ಮತ್ತು ಈ ಅನಿಲದ ಸುಳಿವು ಕೊಡುವ ಎಚ್ಚರಿಕೆ ಗಂಟೆ ಇವೆರಡನ್ನು ‘ಐಚ್ಛಿಕ’ ಪಟ್ಟಿಯಲ್ಲಿಟ್ಟ ಪುಸ್ತಿಕೆಯನ್ನು ನಾನು ಪಕ್ಕಕ್ಕಿಟ್ಟೆ.

ಹಾಗಾದರೆ ಯಾವುದು ವಾಸಿ? ಎರಡು ದಿನದ ಪ್ರಯಾಣಕ್ಕೆ ಒಲೆ, ತೊಟ್ಟಿ, ಕಪಾಟುಗಳೆಲ್ಲ ಜೋಡಿಸಿದ ಮಾದರಿ ಬೇಡ; ಒಳಗೆ ಹಾಸಿಗೆಯೊಂದನ್ನು ಬಿಟ್ಟು ಏನೂ ಇಲ್ಲದ ಬರಿಯ ಚಿಪ್ಪೇ ಮೇಲು ಎಂದು ನನ್ನ ತೀರ್ಮಾನ. ಅದರ ತೂಕ 200 ಕಿಗ್ರಾಂ ಎನ್ನಿ. ನೀರಿನ ವಿಷಯ ನೋಡಿ. ಕ್ಯಾನಿಯನ್‌ಲ್ಯಾಂಡ್ಸ್‌ನ ವೈಟ್ ರಿಮ್ ಹಾದಿ 160 ಕಿ.ಮೀ. ಉದ್ದ, ದಾರಿಯಲ್ಲಿ ಎಲ್ಲೂ ಕುಡಿಯುವ ನೀರಿಲ್ಲ. ಅಂಥಲ್ಲಿಯೂ ತಲೆಗೆ ದಿನಕ್ಕೆ 4 ಲೀಟರಿನಂತೆ ಮೂವರಿಗೆ ಮೂರು ದಿನಕ್ಕೆ 36 ಲೀಟರ್ ಸಾಕು. ಕ್ಯಾನುಗಳಲ್ಲಿ ತುಂಬಿ, ತೊಟ್ಟಿಯ ತಳದಲ್ಲಿ, ಚಾಲಕನ ಕೋಣೆಗೆ ಒತ್ತಿದಂತೆ ಬಿಗಿದಿಡಬಹುದು. ಆಗ 200, 36, ಸವಾರರು 170, ಸಾಮಾನು 80, ಸಣ್ಣ ಒಲೆ ಮತ್ತು ಬ್ಯಾಟರಿ 25, ಒಟ್ಟು 511. ಚೀಟಿಯ ಮಿತಿಗಿಂತ 11 ಕಿಗ್ರಾಂ ಕಡಿಮೆ. ಆ 11ನ್ನು ತುಂಬುವ ಆಸೆ ಬೇಡ. ಹಿಮ ಬೀಳುವ ಕಾಲಕ್ಕೆ ಇದು ಒದಗುವುದಿಲ್ಲ. ಆ ಕಾಲದಲ್ಲೂ ಹೋಗಲೇಬೇಕೆನ್ನುವವರು ಮೊದಲು ದೊಡ್ಡ ಟ್ರಕ್ಕನ್ನು ಕೊಳ್ಳಬೇಕು, ಕ್ಯಾಂಪರನ್ನು ಆಮೇಲೆ.

ಕೊಂಡ ನಂತರ, ಎಲ್ಲವನ್ನೂ ತುಂಬಿ, ಎಲ್ಲರೂ ಕುಳಿತು, ಒಮ್ಮೆ ತೂಕದ ಸೇತುವೆಗೆ ಹೋಗಿ. ಮುಂದಿನ ಅಚ್ಚನ್ನೂ ಹಿಂದಿನ ಅಚ್ಚನ್ನೂ ಬೇರೆಬೇರೆಯಾಗಿ ತೂಗಿಸಿ. ಅಚ್ಚುಗಳ ಮಿತಿಯೂ ಬಾಗಿಲಿನ ಬಳಿಯ ಪಟ್ಟಿಯಲ್ಲೇ ಇರುತ್ತದೆ. ಒಟ್ಟು ಸರಿಯಿದ್ದು ಹಿಂದಿನದು ಮೀರಿದ್ದರೆ, ನೀರಿನ ಕ್ಯಾನು ಮತ್ತು ಬ್ಯಾಟರಿಯನ್ನು ಮುಂದಕ್ಕೆ ಸರಿಸಿ ಮತ್ತೊಮ್ಮೆ ತೂಗಿಸಿ.