ಉಸಿರಾಡುವ ವಾದ್ಯವೃಂದ: ಉನ್‌ಸುಕ್ ಚಿನ್ ಅವರ ಮೂರು ಕನ್ಚೆರ್ಟೊಗಳು

ಕನ್ಚೆರ್ಟೊದಲ್ಲಿ ಒಂಟಿ ವಾದ್ಯವೊಂದು ಇಡೀ ವಾದ್ಯವೃಂದಕ್ಕೆ ಮುಖಾಮುಖಿಯಾಗುತ್ತದೆ. ಇವೆರಡರ ನಡುವಿನ ಸಂಬಂಧ ಎಂಥದ್ದು ಎಂಬುದೇ ಈ ಪ್ರಕಾರದ ಮೂಲ ಪ್ರಶ್ನೆ. ಕೊರಿಯಾದ ಸಂಗೀತ ಸಂಯೋಜಕಿ ಉನ್‌ಸುಕ್ ಚಿನ್ ಅವರ ಮೂರು ಕನ್ಚೆರ್ಟೊಗಳ ಆಲ್ಬಂ ಅದಕ್ಕೆ ಮೂರು ಉತ್ತರ ಕೊಡುತ್ತದೆ. ಡಾಯ್ಚ ಗ್ರಾಮೊಫೋನ್ 2014ರಲ್ಲಿ ಹೊರತಂದ ಇದರಲ್ಲಿ ನುಡಿಸಿರುವುದು ಮ್ಯುಂಗ್-ಹ್ವುನ್ ಚುಂಗ್ ನಿರ್ದೇಶನದ ಸೋಲ್ ಫಿಲ್‌ಹಾರ್ಮೊನಿಕ್.

1961ರಲ್ಲಿ ಸೋಲ್‌ನಲ್ಲಿ ಹುಟ್ಟಿದ ಚಿನ್ ಹ್ಯಾಂಬರ್ಗ್‌ನಲ್ಲಿ ಗ್ಯೋರ್ಗ್ ಲಿಗೆಟಿಯವರ ಬಳಿ ಕಲಿತವರು. ತೊಂಬತ್ತರ ದಶಕದ ಪಿಯಾನೊ ಕನ್ಚೆರ್ಟೊದಲ್ಲಿ ಗುರುವಿನ ಛಾಯೆ ದಟ್ಟವಾಗಿದೆ. ಒಂದರ ಮೇಲೊಂದು ಪೇರಿಸಿದ ಲಯಗಳು, ತಾಳವಾದ್ಯಗಳ ಮಿನುಗು. ಪಿಯಾನೊ ಅವುಗಳಲ್ಲಿ ಒಂದಾಗಿ ಬೆರೆತುಹೋಗುತ್ತದೆ. ಸುನ್‌ವೂಕ್ ಕಿಮ್ ಬೆರಳಿನಲ್ಲಿ ಪ್ರತಿ ಸ್ವರವೂ ಸ್ಫುಟ. ಆದರೆ ಆ ಹೊಳಪು ತಗ್ಗದೆ ಸಾಗುವುದರಿಂದ ಕಿವಿ ದಣಿಯುತ್ತದೆ. ಆಲ್ಬಂನ ದುರ್ಬಲ ಕೃತಿ ಇದೇ.

ಚೆಲ್ಲೊ ಕನ್ಚೆರ್ಟೊ ಹಾಗಲ್ಲ. 2009ರಲ್ಲಿ ಬಿಬಿಸಿ ಪ್ರಾಮ್ಸ್‌ನಲ್ಲಿ ಇದನ್ನು ಮೊದಲು ನುಡಿಸಿದ ಆಲ್ಬನ್ ಗೆರ್ಹಾರ್ಟ್ ಅವರೇ ಇಲ್ಲಿಯೂ ವಾದಕರು. ಮೊದಲ ಭಾಗದ ಹೆಸರು 'ಆನಿರಿ'. ಕೊರಿಯಾದ ಕಥನಗಾಯನ ಪಾನ್ಸೊರಿಯಲ್ಲಿ ಹಾಡುಗಳ ನಡುವೆ ಬರುವ ಮಾತನ್ನು ಹಾಗೆನ್ನುತ್ತಾರೆ. ಚೆಲ್ಲೊ ಒಂದೇ ಸ್ವರದ ಸುತ್ತ ಸುಳಿಯುತ್ತ ಕಥೆ ತೆಗೆಯುತ್ತದೆ. ವಾದ್ಯವೃಂದ ಕೇಳಿಸಿಕೊಳ್ಳುವುದಿಲ್ಲ; ಅಡ್ಡಗಟ್ಟುತ್ತದೆ, ಅಪ್ಪಳಿಸುತ್ತದೆ. ಮೂರನೆಯ ಭಾಗದಲ್ಲಿ ಸಿಗುವ ಬಿಡುವು ಅಲ್ಪ. ಕೊನೆಯ ಭಾಗದ ಹೊಡೆತಗಳ ನಡುವೆಯೂ ಗೆರ್ಹಾರ್ಟ್ ಎಳೆ ಕಡಿಯಲು ಬಿಡುವುದಿಲ್ಲ, ದನಿಯನ್ನು ಒರಟು ಮಾಡಿಕೊಳ್ಳುವುದೂ ಇಲ್ಲ. ಮಾನವ ಕಂಠಕ್ಕೆ ಇಷ್ಟು ಹತ್ತಿರದ ವಾದ್ಯಕ್ಕೆ ಮಾತಾಡುವ ಹಕ್ಕಿಗಾಗಿ ಹೋರಾಟ ಸಹಜವೇ. ಇದು ಆಲ್ಬಂನ ಶಿಖರ.

'ಶು' 2009ರ ಕೃತಿ. ಹೆಸರು ಈಜಿಪ್ಟಿನ ಪುರಾಣದ ವಾಯುವಿನದು. ವಾದ್ಯ ಚೀನಾದ ಷೆಂಗ್. ಕೊಳವೆಗಳ ಈ ಗೊಂಚಲು ಉಸಿರು ಊದಿದಾಗಲೂ ಒಳಗೆಳೆದಾಗಲೂ ನುಡಿಯುತ್ತದೆ, ಒಟ್ಟಿಗೇ ಹಲವು ಸ್ವರಗಳನ್ನು ಹೊರಡಿಸುತ್ತದೆ. ಇಂಥ ವಾದ್ಯವನ್ನು ಪಾಶ್ಚಾತ್ಯ ವೃಂದದ ಮುಂದಿಟ್ಟರೆ ಅದು ಬರೀ ಅಲಂಕಾರವಾಗಿಬಿಡುವ ಅಪಾಯವಿದೆ. ಚಿನ್ ಅದನ್ನು ತಪ್ಪಿಸಿದ್ದಾರೆ: ಷೆಂಗ್ ವೃಂದಕ್ಕೆ ಹೊಂದಿಕೊಳ್ಳುವುದಿಲ್ಲ, ವೃಂದವೇ ಷೆಂಗ್‌ನಂತೆ ಉಬ್ಬುತ್ತ ತಗ್ಗುತ್ತ ಉಸಿರಾಡುತ್ತದೆ. ವು ವೇ ಅವರ ವಾದನದಲ್ಲಿ ಪಿಸುಮಾತಿನಿಂದ ಬಿರುಸಿನ ಕುಣಿತದವರೆಗಿನ ದಾರಿ ಎಲ್ಲೂ ಕಡಿಯುವುದಿಲ್ಲ.

ವಾದ್ಯದ ಸ್ವಭಾವದಿಂದಲೇ ಕೃತಿಯ ಕಟ್ಟೋಣ ಹುಟ್ಟಿದಲ್ಲಿ ಚಿನ್ ಅಸಾಧಾರಣರು. ಕಟ್ಟೋಣ ಮೊದಲೇ ಸಿದ್ಧವಾಗಿದ್ದಂತೆ ತೋರುವ ಪಿಯಾನೊ ಕೃತಿಯಲ್ಲಿ ಬರೀ ನಿಪುಣರು. ಹೊಸ ಸಂಗೀತಕ್ಕೆ ಹೃದಯವಿಲ್ಲ ಎಂದು ದೂರ ಉಳಿದವರು ಚೆಲ್ಲೊ ಕನ್ಚೆರ್ಟೊದಿಂದ ಕೇಳಲು ಶುರುಮಾಡಲಿ.