ದಣಿವಿಗೆ ಎರಡು ಹೆಸರು

ಬೇಗ ಸುಸ್ತಾಗುತ್ತದೆಯೇ, ಉಸಿರು ಸಾಲುವುದಿಲ್ಲವೇ, ದನಿಯಲ್ಲಿ ಕಸುವು ಕಡಿಮೆಯೇ ಎಂದು ಚೀನಾದ ಆರೋಗ್ಯ ಕೇಂದ್ರಗಳಲ್ಲಿ 65 ದಾಟಿದವರನ್ನು ಕೇಳುತ್ತಾರೆ. 2013ರಿಂದ ಅಲ್ಲಿನ ಸರ್ಕಾರಿ ಸೇವೆಗೆ ಸೇರಿದ ಈ ನಮೂನೆಯಲ್ಲಿ 33 ಪ್ರಶ್ನೆಗಳಿವೆ. ಬೀಜಿಂಗ್‌ನ ವೈದ್ಯ ವಾಂಗ್ ಚೀ ವಿಂಗಡಿಸಿದ ಒಂಬತ್ತು ದೇಹಪ್ರಕೃತಿಗಳು ಇದರ ತಳಹದಿ. ಒಂದು ಸಮಸ್ಥಿತಿಯದು, ಉಳಿದ ಎಂಟೂ ಒಂದಲ್ಲ ಒಂದು ಕಡೆ ವಾಲಿದವು.

ಮುದುಕರನ್ನು ಕೂರಿಸಿಕೊಂಡು ಇಷ್ಟು ವಿಚಾರಿಸುವುದೇ ದೊಡ್ಡದು, ಅದನ್ನು ಮೆಚ್ಚಲೇಬೇಕು. ತಕರಾರು ಮುಂದಿನ ಹೆಜ್ಜೆಯದು. ವಯಸ್ಸಾದಂತೆ ಮಾಂಸಖಂಡ ಕರಗುವುದಕ್ಕೆ ವೈದ್ಯರು ಸಾರ್ಕೊಪೀನಿಯಾ ಎನ್ನುತ್ತಾರೆ. ಪ್ರಾಣಶಕ್ತಿ ಕುಂದಿದ 'ಚೀ-ಕೊರತೆ'ಯ ಪ್ರಕೃತಿಯವರಲ್ಲಿ ಇದು ಹೆಚ್ಚೆಂದು ತೋರಿಸಿ ಬೀಗುವವರಿದ್ದಾರೆ. ಕಾಣದೆ ಇರುತ್ತದೆಯೇ? ಸುಸ್ತು, ಏದುಸಿರು, ನಿತ್ರಾಣಗಳನ್ನು ಕೂಡಿಸಿ ಅಂಕ ಕೊಟ್ಟ ಮೇಲೆ ಅದೇ ಜನರ ಕೈಹಿಡಿತ ಸಡಿಲವೆಂದು ಕಂಡುಹಿಡಿಯುವುದು ಶೋಧನೆಯಲ್ಲ, ಒಂದೇ ಸಂಗತಿಯನ್ನು ಎರಡು ಸಲ ಅಳೆದಂತೆ. ಆಯುರ್ವೇದದ ಪ್ರಕೃತಿ ಹುಟ್ಟಿನಿಂದಲೇ ಬಂದದ್ದು. ಚೀನೀಯರದು ವಯಸ್ಸು, ಊಟ, ಕಾಯಿಲೆಗಳೊಂದಿಗೆ ಬದಲಾಗುವಂಥದ್ದು. ಹಾಗಾದರೆ ಪ್ರಕೃತಿಯಿಂದ ಸ್ನಾಯು ಸವೆಯಿತೋ, ಸ್ನಾಯು ಸವೆದು ಪ್ರಕೃತಿ ಬದಲಾಯಿತೋ? ಒಂದೇ ದಿನ ತುಂಬಿಸಿಕೊಂಡ ನಮೂನೆ ಇದಕ್ಕೆ ಉತ್ತರ ಕೊಡಲಾರದು.

ಹೊಟ್ಟೆ ಬಂದವರ ಕಥೆ ಇನ್ನೂ ಕಷ್ಟದ್ದು. ದೊಡ್ಡ ಹೊಟ್ಟೆಗೆ 'ಕಫ-ತೇವ'ದ ಲೆಕ್ಕದಲ್ಲಿ ಅಂಕ ಸಿಗುತ್ತದೆ. ಅದರ ಕೆಳಗೆ ಮೀನಖಂಡ ಒಣಗಿದ್ದರೆ ನೋಡಲು ನಮೂನೆಯಲ್ಲಿ ಜಾಗವಿಲ್ಲ. ಟೇಪು ಸುತ್ತಿದರೆ ಅರ್ಧ ನಿಮಿಷದ ಕೆಲಸ: ಏಷ್ಯಾದ ತಜ್ಞರ 2019ರ ಮಾನದಂಡದಂತೆ ಗಂಡಸರಿಗೆ 34 ಸೆಂಟಿಮೀಟರಿಗಿಂತ, ಹೆಂಗಸರಿಗೆ 33ಕ್ಕಿಂತ ಕಡಿಮೆಯಾದರೆ ಅನುಮಾನಿಸಬೇಕು. ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡೋ ಅದಕ್ಕಿಂತ ಹೆಚ್ಚೋ ಹಿಡಿದರೂ ಅಷ್ಟೇ.

ಚೀನಾದ ಸಾಂಪ್ರದಾಯಿಕ ಗ್ರಂಥಗಳಲ್ಲಿ ಒಳ್ಳೆಯ ಎಳೆಯೊಂದಿದೆ. ಮಾಂಸಖಂಡದ ಒಡೆತನವನ್ನು ಅವು ಜೀರ್ಣಕ್ಕೆ ಸಂಬಂಧಿಸಿದ ಗುಲ್ಮಕ್ಕೆ ಒಪ್ಪಿಸುತ್ತವೆ. ಅಂಗರಚನೆ ತಪ್ಪಿರಬಹುದು, ಊಟಕ್ಕೂ ತೋಳಿಗೂ ನಂಟಿದೆ ಎಂಬ ಗ್ರಹಿಕೆ ತಪ್ಪಲ್ಲ. ಹಸಿವು ಸತ್ತ ವೃದ್ಧರ ತಟ್ಟೆಯಲ್ಲಿ ಪ್ರೋಟೀನ್ ಇಳಿದಂತೆ ಸ್ನಾಯುವೂ ಇಳಿಯುತ್ತದೆ.

ಎಡವುವುದು ವ್ಯಾಯಾಮದಲ್ಲಿ. ಚೀ-ಕೊರತೆಯವರು ಬೆವರು ಸುರಿಸಬಾರದು, ಬಾದ್ವಾನ್‌ಜಿನ್ ಎಂಬ ಮೆಲ್ಲನೆಯ ಚೀನೀ ಕಸರತ್ತು ಸಾಕು ಎನ್ನುವುದು ರೂಢಿಯ ಸಲಹೆ. ಆ ನಿಧಾನ ಚಲನೆ ಸಮತೋಲಕ್ಕೆ ಒಳ್ಳೆಯದೇ. ಆದರೆ ಸ್ನಾಯು ಬೆಳೆಯುವುದು ಭಾರ ಎಳೆದಾಗ, ಆ ಭಾರ ವಾರವಾರ ತುಸು ಏರಿದಾಗ. ಯಾರಿಗೆ ಅದು ತುರ್ತಾಗಿ ಬೇಕೋ ಅವರಿಗೇ ಈ ಪದ್ಧತಿ ಬೇಡ ಎನ್ನುತ್ತದೆ.